ಜಪ್ತಿಗೆ ಬಾರದ್ದು

ಕಾರವಾರದ ಕೋರ್ಟಿನ ಹಿಂದೆ, ಐಸ್ ಕ್ಯಾಂಡಿ ಅಂಗಡಿಯ ಮೇಲೆ
ನನ್ನ ಆಫೀಸು. ಒಂದೇ ಕೋಣೆ. ಜೂನಿಯರ್ ಇಲ್ಲ, ಗುಮಾಸ್ತನೂ ಇಲ್ಲ,
ಟೈಪು ಮಾಡುವವಳೂ ನಾನೇ, ಕಸ ಗುಡಿಸುವವಳೂ ನಾನೇ.
ಬೋರ್ಡಿನಲ್ಲಿ ಇಷ್ಟೇ: ಸುಲಭಾ ಗುನಗಿ, ವಕೀಲರು.
ದಿವಾಳಿ ಅರ್ಜಿ ಎಂದು ಬರೆಸಿದ್ದರೆ
ಮೆಟ್ಟಿಲು ಹತ್ತುವವರಾರು?

ಬರುವವರು ದೀಪ ಹಚ್ಚಿದ ಮೇಲೆ ಬರುತ್ತಾರೆ.
ಮೊದಲು ಕೆಳಗೆ ನಿಂತು ಒಂದು ಕ್ಯಾಂಡಿ ಕೊಳ್ಳುತ್ತಾರೆ,
ಅತ್ತಿತ್ತ ನೋಡಿ, ಕಡ್ಡಿ ಇನ್ನೂ ಬಾಯಲ್ಲಿರುವಾಗಲೇ ಮೇಲೆ.
ನನ್ನ ಕಸದ ಬುಟ್ಟಿಯ ತುಂಬ ಬಣ್ಣ ಹತ್ತಿದ ಕಡ್ಡಿಗಳು.

ಎಲ್ಲರ ಕೈಯಲ್ಲೂ ಬಟ್ಟೆಯಂಗಡಿಯದೊಂದು ಚೀಲ,
ಒಳಗೆ ಒಡೆಯದ ಲಕೋಟೆಗಳು.
ಒಡೆಯುವುದು ನನ್ನ ಕೆಲಸ. ಡಬ್ಬಿಯ ಚಮಚದ ಹಿಡಿಯಿಂದ ಸೀಳುತ್ತೇನೆ:
ಕೊನೆಯ ನೋಟೀಸು,
ಅದಾದ ಮೇಲೆ ಇನ್ನೊಂದು ಕೊನೆಯ ನೋಟೀಸು.

ಉಮಾಕಾಂತ ಪೆಡ್ನೇಕರ ಬಂದದ್ದೂ ಹಾಗೆಯೇ.
ಇಪ್ಪತ್ತೆರಡು ವರ್ಷ ಈ ಊರಿನ ಮದುವೆ, ಮುಂಜಿ, ಕಬಡ್ಡಿ, ರಕ್ತದಾನಕ್ಕೆಲ್ಲ
ಮೈಕ್ ಸೆಟ್ಟು ಅವನದು, ದನಿಯೂ ಅವನದು.
ಕೋಡಿಬಾಗದಲ್ಲಿ ಹಲೋ ಅಂದರೆ
ಕಾಳಿ ಹೊಳೆ ದಾಟಿ ಸದಾಶಿವಗಡಕ್ಕೆ ಕೇಳುತ್ತಿತ್ತು.
ಅಂಥವನು ನನ್ನೆದುರು ಪಿಸುಗುಟ್ಟಿದ:
'ನಮ್ಮ ಕೊಂಕಣಿಯಲ್ಲಿ ದಿವಾಳಿ ಅಂದ್ರೆ ಹಬ್ಬ, ವಕೀಲ್ ಬಾಯಿ.'
ನಗಲು ನೋಡಿದ. ಕ್ಯಾಂಡಿ ಕರಗಿ ಮೊಣಕೈಗೆ ಇಳಿಯುತ್ತಿತ್ತು.

ಪಟ್ಟಿ ಬರೆದೆವು.
ಸ್ಪೀಕರಿಗೆ ಫೈನಾನ್ಸು. ಫೈನಾನ್ಸಿನ ಕಂತಿಗೆ ಸೊಸೈಟಿ.
ಸೊಸೈಟಿಗೆ ಹೆಂಡತಿಯ ಸಂಘ. ಸಂಘದ ವಾರಕ್ಕೆ, ನಡುರಾತ್ರಿ,
ಫೋನಿನೊಳಗಿಂದ ಏಳು ನಿಮಿಷದಲ್ಲಿ ಬಂದ ಸಾಲ;
ಅದೀಗ ಅವನ ಫೋಟೋದ ಮೇಲೆ ಕಳ್ಳ ಎಂದು ಬರೆದು
ಬೀಗರಿಗೆಲ್ಲ ಕಳಿಸಿದೆ.
'ಹೊಟೇಲಿನ ಚಹದ ಬಾಕಿಯೂ ಬರೀಬೇಕಾ?'
ಬರಿ.
'ನಿಮ್ಮ ಫೀಸು?'
ನನ್ನ ಪೆನ್ನು ತಡೆಯಿತು. ಅದನ್ನೂ ಬರಿ, ಅಂದೆ. ಕಟ್ಟಕಡೆಗೆ.

ಇನ್ನು, ಇರುವುದರ ಪಟ್ಟಿ. ಕಾನೂನಿಗೂ ಅಷ್ಟಿಷ್ಟು ಮರ್ಯಾದೆಯಿದೆ:
ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ,
ಹೆಂಗಸು ಕೊರಳಿಂದ ತೆಗೆಯಬಾರದ್ದನ್ನು ತೆಗೆಸುವಂತಿಲ್ಲ,
ಕಸುಬುದಾರನ ಹತ್ಯಾರನ್ನೂ.
ಸ್ಪೀಕರು ಆಗಲೇ ಫೈನಾನ್ಸಿನವರ ಟೆಂಪೋ ಏರಿತ್ತು.
ಉಳಿದದ್ದು ಒಂದು ಕೈಮೈಕು, ಅಪ್ಪನ ಕಾಲದ್ದು, ತಲೆ ನೆಗ್ಗಿದ್ದು.
ಬಡಗಿಯ ಉಳಿ ಹತ್ಯಾರು, ಸರಿ. ಮೈಕು?
ಮೂರು ರಾತ್ರಿ ಹಳೆಯ ತೀರ್ಪುಗಳನ್ನು ತಡಕಿದೆ,
ಕತ್ತರಿ ಸಿಕ್ಕಿತು, ಹೊಲಿಗೆ ಯಂತ್ರ ಸಿಕ್ಕಿತು.

ಜವಾನ ಹೆಸರು ಕೂಗಿದ, ಮೂರು ಸಲ, ವರಾಂಡದುದ್ದಕ್ಕೂ.
ಊರನ್ನೆಲ್ಲ ಕರೆದವನನ್ನು ಯಾರೋ ಕರೆದರು.
ಕಟಕಟೆಯಲ್ಲಿ ಅವನ ತುಟಿ ಅಲುಗಿತು, ಅಷ್ಟೆ.
'ಕೇಳಿಸುತ್ತಿಲ್ಲ, ಜೋರಾಗಿ ಹೇಳಿ,' ಅಂದರು ಸಾಹೇಬರು.
ಫ್ಯಾನು ತಿರುಗುತ್ತಿತ್ತು. ಅವನು ನನ್ನತ್ತ ನೋಡಿದ,
ಆಮೇಲೆ, ಯಾಕೋ, ಬಲಗೈಯನ್ನು ಬಾಯಿಯ ಹತ್ತಿರ ತಂದು
ಮುಷ್ಟಿ ಹಿಡಿದ, ಒಳಗೆ ಏನೋ ಇದ್ದ ಹಾಗೆ:
'ನಾನು ಉಮಾಕಾಂತ ವಿಠೋಬ ಪೆಡ್ನೇಕರ, ಕೋಡಿಬಾಗ.
ನನ್ನ ಸಾಲ ಆರು ಲಕ್ಷ ನಲವತ್ತೊಂದು ಸಾವಿರದ ಇನ್ನೂರು.
ತೀರಿಸುವ ಶಕ್ತಿ ನನಗಿಲ್ಲ.'

ಪಕ್ಕದ ಹಾಲಿನಲ್ಲಿ ಸಾಕ್ಷಿ ಹೇಳುತ್ತಿದ್ದವನು ತಡೆದುಬಿಟ್ಟ.
ಬಾದಾಮಿ ಮರದ ಕಾಗೆಗಳು ಎದ್ದವು.
ಫೈನಾನ್ಸಿನ ವಕೀಲ ಫೈಲಿನಲ್ಲಿ ಮುಖ ಹುದುಗಿಸಿದ.
ಸಾಹೇಬರು ಬರೆದುಕೊಂಡರು, ಮುಂದಿನ ತಾರೀಕು ಕೊಟ್ಟರು.
ಮೈಕಿನ ವಿಷಯ ಆ ದಿನ ಬರಲೇ ಇಲ್ಲ.

ಸಂಜೆ ಬಂದು ನೋಡಿದರೆ ಬಾಗಿಲಡಿ ಮಾಲಕರ ಲಕೋಟೆ,
ಕೋಣೆಯ ಬಾಡಿಗೆಯದೇ ಇರಬೇಕು. ಒಡೆಯದೆ
ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ.
ಕೆಳಗೆ ಯಾರೋ ಕ್ಯಾಂಡಿ ಕೊಳ್ಳುತ್ತಿದ್ದಾರೆ,
ಕೆಂಪೋ ಹಸಿರೋ ಎಂದು ತೀರ್ಮಾನಿಸಲು
ತುಂಬ ಹೊತ್ತು ಹಿಡಿಯುತ್ತಿದೆ.
ಎದ್ದು ಮೆಟ್ಟಿಲಿನ ದೀಪ ಆರಿಸಿದೆ,
ಅವರಿಗೆ ಹತ್ತಲು ಅನುಕೂಲವಾಗಲಿ ಎಂದು.